ಗಿಟಾರ್ ಸದ್ದಿನ ಹಿಂದೊಂದು ಲೆಕ್ಕದ ಪುಸ್ತಕ

ರಾಕ್ ಸಂಗೀತ ಅಂದ ಕೂಡಲೇ ನಮ್ಮ ಕಡೆ ಬಹಳ ಜನರ ಕಣ್ಣಮುಂದೆ ಬರುವುದು ಒಂದೇ ಚಿತ್ರ. ಭುಜದವರೆಗೆ ಇಳಿಬಿಟ್ಟ ಕೂದಲು, ತಲೆಬುರುಡೆಯ ಕಪ್ಪು ಟೀ ಶರ್ಟು, ಕಿವಿಗಡಚಿಕ್ಕುವ ಸದ್ದು. ಅದು ದುಡ್ಡಿದ್ದವರ ಮಕ್ಕಳ ಶೋಕಿ ಎಂಬ ಮಾತೂ ಜೊತೆಗೇ ಬರುತ್ತದೆ. ಆದರೆ ಈ ದೊಡ್ಡ ಮರದಲ್ಲಿ ಒಂದು ಕೊಂಬೆಯಿದೆ. ಅದನ್ನು ಕೆಲವರು ಇಂಡಿ ರಾಕ್ ಎನ್ನುತ್ತಾರೆ, ಕೆಲವರು ಆಲ್ಟರ್ನೇಟಿವ್ ಎನ್ನುತ್ತಾರೆ. ಆ ಕೊಂಬೆ ಚಿಗುರಿದ್ದು ಶೋಕಿಯಿಂದಲ್ಲ, ಕೈಗಡದಿಂದ.

1976ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ಎಂಬ ಬ್ಯಾಂಡಿನ ಹುಡುಗರು ಮನೆಯವರ, ಗೆಳೆಯರ ಹತ್ತಿರ ಸುಮಾರು 500 ಪೌಂಡ್ ಸಾಲ ಎತ್ತಿ ನಾಲ್ಕು ಹಾಡು ಧ್ವನಿಮುದ್ರಿಸಿದರು. ಯಾವ ಕಂಪನಿಯ ಬಾಗಿಲನ್ನೂ ಕಾಯಲಿಲ್ಲ. ತಾವೇ ನ್ಯೂ ಹಾರ್ಮೋನ್ಸ್ ಎಂದೊಂದು ಲೇಬಲ್ ಹೆಸರು ಇಟ್ಟುಕೊಂಡು 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಪುಟ್ಟ ರೆಕಾರ್ಡನ್ನು ಹೊರತಂದರು. ಮೊದಲು ಒತ್ತಿಸಿದ್ದು 1,000 ಪ್ರತಿ, ಕೊನೆಗೆ ಮಾರಾಟವಾದದ್ದು ಸುಮಾರು 16,000. ನನಗೆ ಬಹಳ ಇಷ್ಟವಾದ ಸಂಗತಿ ಅದರ ಹೊದಿಕೆಯಲ್ಲಿದೆ. ಯಾವ ಹಾಡು ಎಷ್ಟನೆಯ ಟೇಕ್, ಮೇಲೆ ಎಷ್ಟು ಓವರ್‌ಡಬ್ ಸೇರಿಸಿದ್ದೇವೆ ಎಂಬುದನ್ನು ಅವರು ಅಲ್ಲೇ ಅಚ್ಚು ಹಾಕಿಸಿದರು. ಅಡುಗೆ ಮಾಡಿದವರು ಊಟದ ಜೊತೆಗೆ ಮಾಡುವ ವಿಧಾನವನ್ನೂ ಬರೆದುಕೊಟ್ಟ ಹಾಗೆ. ನೋಡಿದವರಿಗೆ ಇಷ್ಟೇನಾ, ನಾವೂ ಮಾಡಬಹುದಲ್ಲ ಅನ್ನಿಸಬೇಕು. ಅನ್ನಿಸಿತು ಕೂಡ. ಮುಂದಿನ ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಊರೂರಲ್ಲಿ ಇಂಥ ಸಣ್ಣ ಲೇಬಲ್‌ಗಳು ಎದ್ದವು.

ಇಂಡಿ ಎನ್ನುವುದು ಇಂಡಿಪೆಂಡೆಂಟ್ ಎಂಬುದರ ಗಿಡ್ಡ ರೂಪ. (ವಿಜಯಪುರ ಜಿಲ್ಲೆಯ ಇಂಡಿಗೂ ಇದಕ್ಕೂ ಸಂಬಂಧವಿಲ್ಲ. ನನ್ನ ರೂಮ್‌ಮೇಟ್ ಆ ತಾಲ್ಲೂಕಿನವನೇ. 'ಇಂಡಿ ಅಂದ್ರ ಲಿಂಬಿಕಾಯಿ ಅಷ್ಟ' ಎಂಬ ಅವನ ತಮಾಷೆ ವಾರಕ್ಕೆರಡು ಸಲ ನನ್ನ ಕಿವಿಗೆ ಬೀಳುತ್ತದೆ.) 1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಇಂಡಿ ರೆಕಾರ್ಡುಗಳಿಗೆಂದೇ ಪ್ರತ್ಯೇಕ ವಾರದ ಪಟ್ಟಿ ಶುರುವಾಯಿತು. ಅದರೊಳಗೆ ಬರಲು ಹಾಡು ಹೇಗೆ ಕೇಳಿಸುತ್ತದೆ ಎಂಬುದು ಲೆಕ್ಕಕ್ಕೇ ಇರಲಿಲ್ಲ. ರೆಕಾರ್ಡು ದೊಡ್ಡ ಕಂಪನಿಗಳ ವಿತರಣಾ ಜಾಲದ ಮೂಲಕ ಅಂಗಡಿಗೆ ಬಂದಿರಬಾರದು, ಅಷ್ಟೇ ಷರತ್ತು. ಹೀಗಾಗಿಯೇ ಅಪ್ಪಟ ಡಾನ್ಸ್ ಪಾಪ್ ಹಾಡುತ್ತಿದ್ದ ಕೈಲಿ ಮಿನೋಗ್ ಕೂಡ ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ ಬಂದು ಕುಳಿತಳು. ಇಂಡಿ ಅಭಿಮಾನಿಗಳಿಗೆ ಆಗ ಎಷ್ಟು ಉರಿದಿರಬೇಕು!

ನಗು ಬಂದರೂ ಇದರಲ್ಲೇ ವಿಷಯದ ತಿರುಳಿದೆ. ಇಂಡಿ ಎನ್ನುವುದು ಮೊದಲು ಒಂದು ಶೈಲಿಯ ಹೆಸರಾಗಿರಲಿಲ್ಲ, ಒಂದು ವ್ಯವಸ್ಥೆಯ ಹೆಸರಾಗಿತ್ತು. ದುಡ್ಡು ಯಾರದು, ಮಾಲು ಯಾರ ಕೈಯಲ್ಲಿದೆ, ಹಾಡು ಹೀಗಿರಲಿ ಎಂದು ತೀರ್ಮಾನಿಸುವವರು ಯಾರು? ಈ ಮೂರು ಪ್ರಶ್ನೆಗೂ 'ನಾವೇ' ಎಂದು ಉತ್ತರಿಸಿದವರು ಇಂಡಿ. ಲಂಡನ್ನಿನಲ್ಲಿ 1976ರಲ್ಲಿ ಜೆಫ್ ಟ್ರಾವಿಸ್ ತೆರೆದ ರಫ್ ಟ್ರೇಡ್ ಎಂಬ ರೆಕಾರ್ಡ್ ಅಂಗಡಿ 1978ರಲ್ಲಿ ತಾನೇ ಲೇಬಲ್ ಆಯಿತು. ಆಮೇಲೆ ಲಿವರ್‌ಪೂಲ್, ಬ್ರಿಸ್ಟಲ್, ಯಾರ್ಕ್, ಎಡಿನ್‌ಬರೊ ಮುಂತಾದ ಊರುಗಳ ಅಂಗಡಿ-ಲೇಬಲ್‌ಗಳನ್ನು ಸೇರಿಸಿಕೊಂಡು ಕಾರ್ಟೆಲ್ ಎಂಬ ವಿತರಣಾ ಕೂಟವನ್ನು ಕಟ್ಟಿತು. ಮ್ಯಾಂಚೆಸ್ಟರ್‌ನ ಹುಡುಗರ ರೆಕಾರ್ಡು ಸ್ಕಾಟ್ಲೆಂಡಿನ ಅಂಗಡಿಗೆ ತಲುಪಿದ್ದು ಇಂಥ ದಾರಿಯಲ್ಲಿ.

ಕನ್ನಡ ಓದುವವರಿಗೆ ಇದು ಪೂರಾ ಪರಕೀಯ ಅನ್ನಿಸಬೇಕಾಗಿಲ್ಲ. ಅದೇ 1980ರಲ್ಲಿ ಬೆಂಗಳೂರಿನಲ್ಲಿ ಲಂಕೇಶ್ ಪತ್ರಿಕೆ ಹೊರಟಿತು. ಜಾಹೀರಾತು ಬೇಡ, ಓದುಗ ಕೊಡುವ ಕಾಸು ಸಾಕು ಎಂಬ ಹಟದಲ್ಲಿ ನಡೆಯಿತು. ನಾನು ಪರೀಕ್ಷೆಗೆ ಓದುತ್ತ ಕೂತಿರುವ ಈ ಧಾರವಾಡದಲ್ಲೇ 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯಿದೆ. ಸುಭಾಸ ರಸ್ತೆಯ ಆ ಅಟ್ಟದಿಂದಲೇ 1961ರಲ್ಲಿ ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ 'ಯಯಾತಿ' ಹೊರಬಂತು. ಸಂಗೀತ ಬೇರೆ, ಪುಸ್ತಕ ಬೇರೆ, ನಿಜ. ಆದರೆ ಒಂದು ಅಟ್ಟ, ಒಂದಿಷ್ಟು ಗಟ್ಟಿ ಅಭಿರುಚಿ, ಅದನ್ನು ನಂಬಿ ದುಡ್ಡು ಕೊಡುವ ಕೆಲವು ನೂರು ಜನ, ಈ ಮೂರು ಕೂಡಿದರೆ ಏನಾಗುತ್ತದೆ ಎಂಬುದನ್ನು ನಮಗೆ ಮ್ಯಾಂಚೆಸ್ಟರ್‌ನವರು ಬಂದು ಹೇಳಬೇಕಾಗಿಲ್ಲ.

ಲೆಕ್ಕದ ಮಾತು ಮುಂದೆಯೂ ಬರುತ್ತದೆ. ಮೊದಲು ಸ್ವಲ್ಪ ಹಾಡಿನ ಮಾತಾಡೋಣ. ಲೆಕ್ಕ ಚೆನ್ನಾಗಿದೆ ಎಂದು ಯಾರೂ ರಾತ್ರಿ ಹನ್ನೊಂದಕ್ಕೆ ಇಯರ್‌ಫೋನ್ ಹಾಕಿಕೊಳ್ಳುವುದಿಲ್ಲವಲ್ಲ.

ಹೊಸಬರಿಗೆ ನಾನು ಮೊದಲು ಕೇಳಿಸುವುದು ದ ಸ್ಮಿತ್ಸ್. 1982ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿ 1987ರಲ್ಲಿ ಮುರಿದುಬಿದ್ದ ಬ್ಯಾಂಡು. ಐದು ವರ್ಷ, ನಾಲ್ಕು ಸ್ಟುಡಿಯೊ ಆಲ್ಬಂ, ಎಲ್ಲವೂ ರಫ್ ಟ್ರೇಡ್‌ನಿಂದ. ಅದರ ಗಿಟಾರ್ ವಾದಕ ಜಾನಿ ಮಾರ್‌ಗೆ ಶುರುವಿನಲ್ಲಿ ಹದಿನೆಂಟು ವರ್ಷ. ರಾಕ್‌ನಲ್ಲಿ ಗಿಟಾರಿನವನು ಹಾಡಿನ ನಡುವೆ ಮುಂದೆ ಬಂದು ಎರಡು ನಿಮಿಷ ತನ್ನ ಬೆರಳಿನ ಕಸರತ್ತು ತೋರಿಸುವುದು ವಾಡಿಕೆ. ಮಾರ್ ಆ ತಂಟೆಗೆ ಹೋಗಲಿಲ್ಲ. ಕಾರ್ಡನ್ನು ಒಂದೇ ಏಟಿಗೆ ಬಾರಿಸದೆ ತಂತಿ ತಂತಿಯಾಗಿ ಬಿಡಿಸಿ ನುಡಿಸುತ್ತಾನೆ. ನಮ್ಮ ಒಳ್ಳೆಯ ಹಾರ್ಮೋನಿಯಂ ಸಾಥಿದಾರರು ಗಾಯಕರ ಬೆನ್ನಿಗೇ ಇದ್ದು ನಡುನಡುವೆ ತಮ್ಮದೂ ಒಂದು ಮಾತು ಸೇರಿಸುತ್ತಾರಲ್ಲ, ಹಾಗೆ. ಹಾಡುಗಾರ ಮಾರಿಸ್ಸಿ ಏನು ಹೇಳುತ್ತಾನೆಂದು ಮೊದಲ ಸಲ ಅರ್ಥವಾಗದಿದ್ದರೂ ಪರವಾಗಿಲ್ಲ. ಗಿಟಾರಿನ ಹಿಂದೆ ಹೋಗಿ, ದಾರಿ ಸಿಗುತ್ತದೆ.

ಆಮೇಲೆ ಅಮೆರಿಕದ ಬಾಸ್ಟನ್ನಿನ ಪಿಕ್ಸೀಸ್. 1986ರಲ್ಲಿ ಬಾಸ್ ಗಿಟಾರ್ ನುಡಿಸುವವರು ಬೇಕೆಂದು ಇವರು ಕೊಟ್ಟ ಜಾಹೀರಾತು ವಿಚಿತ್ರವಾಗಿತ್ತು. ಹಸ್ಕರ್ ಡೂ ಎಂಬ ಅಬ್ಬರದ ಬ್ಯಾಂಡೂ ಇಷ್ಟವಾಗಬೇಕು, ಪೀಟರ್, ಪಾಲ್ ಅಂಡ್ ಮೇರಿ ಎಂಬ ಮೆಲುದನಿಯ ಜನಪದ ಗಾಯಕರೂ ಇಷ್ಟವಾಗಬೇಕು! ಓಗೊಟ್ಟವಳು ಕಿಮ್ ಡೀಲ್ ಒಬ್ಬಳೇ. ಅವಳು ಗಿಟಾರ್ ನುಡಿಸುತ್ತಿದ್ದವಳು, ಬಾಸ್ ಅವಳ ವಾದ್ಯವೇ ಆಗಿರಲಿಲ್ಲ. ಆದರೂ ತೆಗೆದುಕೊಂಡರು. ಉದ್ಯೋಗ ಜಾಹೀರಾತಿನಲ್ಲಿ 'ಎರಡು ವರ್ಷದ ಅನುಭವ ಕಡ್ಡಾಯ' ಎಂದು ಓದಿ ಓದಿ ದಣಿದಿರುವ ನಮ್ಮಂಥವರಿಗೆ ಈ ಕಥೆ ಕೇಳಲು ಹಿತ. ಆ ಜಾಹೀರಾತಿನಲ್ಲಿದ್ದ ಎರಡು ಹೆಸರುಗಳೇ ಅವರ ಹಾಡಿನ ಸೂತ್ರವೂ ಆಯಿತು. ಪಿಸುಮಾತಿನಂಥ ಸಾಲು, ಹಿಂದೆಯೇ ಗುಡುಗು, ಮತ್ತೆ ಪಿಸುಮಾತು. ತಾನು ಪಿಕ್ಸೀಸ್‌ನಿಂದ ಈ ತಂತ್ರವನ್ನು ಕದಿಯಲು ನೋಡುತ್ತಿದ್ದೆ ಎಂದು ನಿರ್ವಾಣದ ಕರ್ಟ್ ಕೊಬೇನ್ ಸಂದರ್ಶನವೊಂದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ಮೂರನೆಯದು ಸ್ವಲ್ಪ ಕಷ್ಟದ್ದು. ನ್ಯೂಯಾರ್ಕ್‌ನಲ್ಲಿ 1981ರಲ್ಲಿ ಶುರುವಾದ ಸೋನಿಕ್ ಯೂತ್. ಇವರ ಬಳಿ ಇದ್ದವು ಅಗ್ಗದ, ಶ್ರುತಿಯಲ್ಲಿ ನಿಲ್ಲದ ಗಿಟಾರುಗಳು. ಅವನ್ನು ಎಲ್ಲರ ಹಾಗೆ ಶ್ರುತಿ ಮಾಡುವ ಬದಲು ಒಂದೊಂದು ಹಾಡಿಗೆ ಒಂದೊಂದು ಗಿಟಾರನ್ನು ತಮಗೆ ತೋಚಿದಂತೆ ಶ್ರುತಿ ಮಾಡಿಟ್ಟರು. ತಂತಿಗಳ ಅಡಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಬಾರಿಸಿದರು. ಒಂದು ರಾತ್ರಿ ಇವರ ಹಾಡು ನನ್ನ ಫೋನಿನ ಸ್ಪೀಕರ್‌ನಿಂದ ಹೊರಟಾಗ ರೂಮ್‌ಮೇಟ್ ಹೊದಿಕೆಯೊಳಗಿಂದಲೇ ಕೂಗಿದ: 'ಲೇ, ಮಿಕ್ಸರ್ ಕೆಟ್ಟಂಗ ಕೇಳಸಾಕತ್ತೈತಿ, ಇದಕ್ಕ ಹಾಡ ಅಂತಿಯೇನಲೇ?'

ಅವನಿಗೆ ನಾನು ಕೊಟ್ಟ ಉತ್ತರ ತಂಬೂರಿಯದು. ಒಂದೇ ಸ್ವರ ಎಡೆಬಿಡದೆ ಮಿಡಿಯುತ್ತಿರುವಾಗ ಅದರ ಮೇಲೆ ಉಳಿದದ್ದೆಲ್ಲ ಏಳುವುದನ್ನು ನಮ್ಮ ಕಿವಿಗೆ ಯಾರೂ ಕಲಿಸಬೇಕಾಗಿಲ್ಲ. ಸೋನಿಕ್ ಯೂತ್‌ಗೂ ಹಿಂದೆ, 1960ರ ದಶಕದ ನ್ಯೂಯಾರ್ಕಿನಲ್ಲಿ, ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಬ್ಯಾಂಡಿತ್ತು. ಈ ಇಡೀ ಪರಂಪರೆಯ ಮುತ್ತಜ್ಜ ಅದು. ಅದರ ಜಾನ್ ಕೇಲ್, ಆ ಬ್ಯಾಂಡಿಗೆ ಬರುವ ಮೊದಲು ಲಾ ಮಾಂಟ್ ಯಂಗ್ ಎಂಬ ಸಂಗೀತಗಾರನ ಕೂಟದಲ್ಲಿ ಗಂಟೆಗಟ್ಟಲೆ ಒಂದೇ ಸ್ವರವನ್ನು ಹಿಡಿದು ವಯೋಲಾ ನುಡಿಸುತ್ತಿದ್ದ. ಆ ಎಳೆತವನ್ನು ರಾಕ್‌ಗೆ ತಂದವನು ಅವನೇ. ಆ ಯಂಗ್ ಮುಂದೆ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರದು ಯಾವ ಘರಾಣೆ? ಕಿರಾನಾ. ನಮ್ಮ ಸವಾಯಿ ಗಂಧರ್ವರದು, ಗಂಗೂಬಾಯಿ ಹಾನಗಲ್ಲರದು, ಭೀಮಸೇನ ಜೋಶಿಯವರದು ಅದೇ. ನೇರವಾಗಿ ಹುಬ್ಬಳ್ಳಿ-ಧಾರವಾಡದಿಂದ ನ್ಯೂಯಾರ್ಕಿಗೆ ದಾರಿ ಎಳೆಯುವಷ್ಟು ಹುಂಬ ನಾನಲ್ಲ. ಬೀಗರ ಬೀಗರು ಎನ್ನುತ್ತಾರಲ್ಲ, ಅಷ್ಟು ದೂರದ ನಂಟು. ಆದರೂ ರೂಮ್‌ಮೇಟ್ ಎದ್ದು ಕೂತು ಪೂರ್ತಿ ಹಾಡು ಕೇಳಿದ. ಮಿಕ್ಸರ್ ಎಂಬ ಅಭಿಪ್ರಾಯ ಮಾತ್ರ ಬದಲಿಸಲಿಲ್ಲ.

ಕಾಲೇಜಿನಲ್ಲಿರುವವರು ಗಮನಿಸಬೇಕಾದ ಭಾಗ ಇನ್ನು ಮುಂದಿದೆ. ಅಮೆರಿಕದಲ್ಲಿ ಈ ಸಂಗೀತವನ್ನು ಬೆಳೆಸಿದವರು ವಿದ್ಯಾರ್ಥಿಗಳು. ವಿಶ್ವವಿದ್ಯಾಲಯಗಳ ರೇಡಿಯೊ ಕೇಂದ್ರಗಳನ್ನು ನಡೆಸುತ್ತಿದ್ದವರು ಅವರೇ. ವ್ಯಾಪಾರಿ ಕೇಂದ್ರಗಳು ಮುಟ್ಟದ ರೆಕಾರ್ಡುಗಳನ್ನು ಇವರು ರಾತ್ರಿ ಹಾಕುತ್ತಿದ್ದರು. ಹೀಗಾಗಿ ಈ ಹಾಡುಗಳಿಗೆ ಮೊದಲು ಬಿದ್ದ ಹೆಸರೇ ಕಾಲೇಜ್ ರಾಕ್. ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬುದು ಒಂದು ವಿಶ್ವವಿದ್ಯಾಲಯದ ಊರು. ಅಲ್ಲಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಪೀಟರ್ ಬಕ್‌ಗೂ ಗಿರಾಕಿಯಾಗಿ ಬರುತ್ತಿದ್ದ ಮೈಕೆಲ್ ಸ್ಟೈಪ್‌ಗೂ ಗೆಳೆತನವಾಗಿ ಹುಟ್ಟಿದ್ದು ಆರ್‌ಇಎಂ. ಅವರ ಮೊದಲ ಕಾರ್ಯಕ್ರಮ 1980ರ ಏಪ್ರಿಲ್ 5ರಂದು, ಪಾಳುಬಿದ್ದ ಚರ್ಚೊಂದರಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ. ಮೂರೇ ವರ್ಷದಲ್ಲಿ, 1983ರಲ್ಲಿ, ಅವರ 'ಮರ್ಮರ್' ಆಲ್ಬಂ ಅನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಅನ್ನೂ ಹಿಂದಿಟ್ಟು ವರ್ಷದ ಆಲ್ಬಂ ಎಂದು ಆರಿಸಿತು.

ನಿರ್ವಾಣದ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಎರಡೇ ಅಂಕಿ ಹೇಳುತ್ತೇನೆ. ಸಿಯಾಟಲ್‌ನ ಸಬ್ ಪಾಪ್ ಲೇಬಲ್‌ನಿಂದ 1989ರಲ್ಲಿ ಬಂದ ಅವರ ಮೊದಲ ಆಲ್ಬಂ 'ಬ್ಲೀಚ್'ನ ಧ್ವನಿಮುದ್ರಣಕ್ಕೆ ಆದ ಖರ್ಚು 606 ಡಾಲರ್ 17 ಸೆಂಟ್. ಅದನ್ನು ಕೊಟ್ಟದ್ದು ಜೇಸನ್ ಎವರ್‌ಮನ್ ಎಂಬ ಗೆಳೆಯ. ಆಲ್ಬಂನಲ್ಲಿ ಒಂದು ಸ್ವರವನ್ನೂ ನುಡಿಸದಿದ್ದರೂ ಕೃತಜ್ಞತೆಗಾಗಿ ಅವನ ಹೆಸರನ್ನು ಗಿಟಾರ್ ವಾದಕ ಎಂದು ಹಾಕಿದರು. 1992ರ ಜನವರಿಯಲ್ಲಿ ಅದೇ ಬ್ಯಾಂಡಿನ ಎರಡನೆಯ ಆಲ್ಬಂ 'ನೆವರ್‌ಮೈಂಡ್', ಈ ಸಲ ದೊಡ್ಡ ಕಂಪನಿಯಿಂದ ಬಂದದ್ದು, ಜಾಕ್ಸನ್ನನ 'ಡೇಂಜರಸ್' ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ತುದಿಗೇರಿತು. ಅಲ್ಲಿಂದ ಆಲ್ಟರ್ನೇಟಿವ್ ಎಂಬ ಪದವೇ ಅಂಗಡಿಯ ಒಂದು ಕಪಾಟಿನ ಹೆಸರಾಯಿತು. ಯಾವುದಕ್ಕೆ ಪರ್ಯಾಯ ಎಂದು ಕೇಳುವವರು ಉಳಿಯಲಿಲ್ಲ. ದೊಡ್ಡ ಕಂಪನಿಗಳ ಏಜೆಂಟರು ಒಪ್ಪಂದದ ಕಾಗದ ಹಿಡಿದು ಊರೂರು ಸುತ್ತತೊಡಗಿದರು.

ಆ ಕಾಗದದಲ್ಲಿ ಏನಿರುತ್ತದೆ ಎಂಬುದನ್ನು ಪೈಸೆ ಪೈಸೆ ಬಿಡಿಸಿ ತೋರಿಸಿದವನು ಷಿಕಾಗೊದ ಸ್ಟೀವ್ ಆಲ್ಬಿನಿ. ಸ್ವತಃ ಬ್ಯಾಂಡಿನವನು, ನೂರಾರು ಆಲ್ಬಂಗಳನ್ನು ಧ್ವನಿಮುದ್ರಿಸಿದ ಎಂಜಿನಿಯರ್ ಕೂಡ. 1993ರಲ್ಲಿ ದ ಬ್ಯಾಫ್ಲರ್ ಎಂಬ ಪತ್ರಿಕೆಯಲ್ಲಿ ಅವನು ಬರೆದ ಲೇಖನವನ್ನು ಬಿ.ಕಾಂ. ತರಗತಿಯಲ್ಲಿ ಪಾಠಕ್ಕಿಡಬೇಕು ಎಂದು ಬಿ.ಕಾಂ. ಓದಿದ ನಾನು ಹೇಳುತ್ತೇನೆ. ನಾಲ್ವರ ಕಾಲ್ಪನಿಕ ಬ್ಯಾಂಡ್ ಒಂದಕ್ಕೆ ದೊಡ್ಡ ಕಂಪನಿ ಎರಡೂವರೆ ಲಕ್ಷ ಡಾಲರ್ ಮುಂಗಡ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕೇಳಿದರೆ ಕಣ್ಣು ಅರಳುತ್ತದೆ. ಅದರಲ್ಲಿ ಸ್ಟುಡಿಯೊ ಬಾಡಿಗೆ, ನಿರ್ಮಾಪಕ, ಮ್ಯಾನೇಜರ್, ವಕೀಲ, ವಿಡಿಯೊ, ಬಸ್ಸು ಎಂದು ಒಂದೊಂದೇ ಕಳೆಯುತ್ತಾ ಬರುತ್ತಾನೆ. ಆಲ್ಬಂ ಎರಡೂವರೆ ಲಕ್ಷ ಪ್ರತಿ ಮಾರಾಟವಾದ ಮೇಲೆ ಕಂಪನಿಗೆ ಉಳಿದದ್ದು 7,10,000 ಡಾಲರ್. ಬ್ಯಾಂಡಿನ ಒಬ್ಬೊಬ್ಬನ ಕೈಗೆ ಬಂದದ್ದು 4,031 ಡಾಲರ್ 25 ಸೆಂಟ್. ಇನ್ನೂ ಮಿಕ್ಕಿದ ಸಾಲ ಬೇರೆ. ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರೆ ಇದರ ಮೂರರಷ್ಟು ದುಡಿಯುತ್ತಿದ್ದರು ಎಂಬುದು ಅವನ ಲೆಕ್ಕ.

ಅದೇ ವರ್ಷ ನಿರ್ವಾಣದ 'ಇನ್ ಯೂಟರೊ' ಆಲ್ಬಂ ಮಾಡಲು ಕರೆದಾಗ ಆಲ್ಬಿನಿ ಒಂದು ಲಕ್ಷ ಡಾಲರ್ ಒಂದೇ ಸಲದ ಸಂಬಳ ತೆಗೆದುಕೊಂಡ, ರಾಯಲ್ಟಿಯ ಪಾಲು ಬೇಡವೆಂದ. ಲಕ್ಷಾಂತರ ಪ್ರತಿ ಹೋಗುವುದು ಗ್ಯಾರಂಟಿಯಿದ್ದ ಆಲ್ಬಂ ಅದು. ಹಾಡು ಬ್ಯಾಂಡಿನದು, ತನಗೆ ಪ್ಲಂಬರ್‌ಗೆ ಕೊಡುವ ಹಾಗೆ ಮಾಡಿದ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು ಎಂಬುದು ಅವನ ನಿಲುವು. 2024ರ ಮೇ ತಿಂಗಳಲ್ಲಿ, 61ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ನಾನು ಎಂದೂ ಕಂಡಿರದ ಒಬ್ಬರು ಹೋದರೆಂದು ಆ ದಿನ ಓದಿಗೆ ಕೂರಲಾಗಲಿಲ್ಲ.

ವಾಷಿಂಗ್ಟನ್‌ನ ಫುಗಾಝಿ ಬ್ಯಾಂಡಿನವರು ಕಂಪನಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅವರ ಇಯಾನ್ ಮೆಕಾಯ್ 1980ರಲ್ಲೇ ಗೆಳೆಯನೊಬ್ಬನ ಜೊತೆ ಡಿಸ್ಕಾರ್ಡ್ ಎಂಬ ಲೇಬಲ್ ಕಟ್ಟಿದ್ದ. ಬಹುತೇಕ ಕಾರ್ಯಕ್ರಮಗಳಿಗೆ ಟಿಕೆಟ್ 5 ಡಾಲರ್, ಯಾವ ವಯಸ್ಸಿನವರಿಗೂ ಪ್ರವೇಶ, ಹೆಸರು ಹಾಕಿದ ಟೀ ಶರ್ಟು ಮಾರುವುದಿಲ್ಲ. ಸಭೆಯಲ್ಲಿ ಯಾರಾದರೂ ಮೈಮೇಲೆ ಬಿದ್ದು ಬೇರೆಯವರಿಗೆ ನೋವು ಮಾಡಿದರೆ ಹಾಡು ನಿಲ್ಲಿಸಿ, ಲಕೋಟೆಯಲ್ಲಿ ಅವನ 5 ಡಾಲರ್ ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದರು. ಇದನ್ನು ಓದುವ ಹುಡುಗಿಯರಿಗೆ ಈ ಲಕೋಟೆಯ ಬೆಲೆ ನಾನು ವಿವರಿಸಬೇಕಾಗಿಲ್ಲ. 90ರ ದಶಕದ ಆರಂಭದಲ್ಲಿ ಬಿಕಿನಿ ಕಿಲ್ ಎಂಬ ಬ್ಯಾಂಡಿನ ಕ್ಯಾಥ್ಲೀನ್ ಹಾನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಡುಗಿಯರು ವೇದಿಕೆಯ ಹತ್ತಿರ ಬನ್ನಿ, ಹುಡುಗರು ಹಿಂದೆ ಸರಿಯಿರಿ ಎಂದು ಮೈಕಿನಲ್ಲೇ ಹೇಳುತ್ತಿದ್ದಳು. ನಮ್ಮ ಫೆಸ್ಟ್‌ಗಳ ಡಿಜೆ ರಾತ್ರಿಗಳಲ್ಲಿ ಹುಡುಗಿಯರು ಗೋಡೆಗೊತ್ತಿ ನಿಲ್ಲುವುದನ್ನು ನೋಡಿದವರಿಗೆ ಈ ಮಾತು ಹಳೆಯದು ಅನ್ನಿಸದು.

ಹಾಗೆಂದು ಇಂಡಿಯವರೆಲ್ಲ ಸಂತರಲ್ಲ. ರಫ್ ಟ್ರೇಡ್‌ನ ವಿತರಣಾ ಸಂಸ್ಥೆ 1991ರಲ್ಲಿ ಕುಸಿದಾಗ ಅದನ್ನೇ ನೆಚ್ಚಿದ್ದ ಸಣ್ಣ ಲೇಬಲ್‌ಗಳ ಬಾಕಿ ಮುಳುಗಿತು. ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ಲೇಬಲ್ 1992ರಲ್ಲಿ ದಿವಾಳಿಯಾಯಿತು. ಲೆಕ್ಕ ಬರೆಯದ ಗೆಳೆತನ ಕಂಪನಿಯಷ್ಟೇ ನಷ್ಟ ಮಾಡಬಲ್ಲದು. ಉಳಿದುಕೊಂಡವರು ಲೆಕ್ಕ ಇಟ್ಟವರು. ಉತ್ತರ ಕ್ಯಾರೊಲೈನಾದ ಮರ್ಜ್ ಎಂಬ ಲೇಬಲ್ಲನ್ನು 1989ರಲ್ಲಿ ಕಟ್ಟಿದ್ದು ಸೂಪರ್‌ಚಂಕ್ ಬ್ಯಾಂಡಿನ ಲಾರಾ ಬ್ಯಾಲೆನ್ಸ್ ಮತ್ತು ಮ್ಯಾಕ್ ಮೆಕಾನ್. 2011ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಪಡೆದ ಆರ್ಕೇಡ್ ಫೈರ್‌ನ 'ದ ಸಬರ್ಬ್ಸ್' ಅಮೆರಿಕದಲ್ಲಿ ಬಂದದ್ದು ಅಲ್ಲಿಂದಲೇ.

'ಮೊದಲು ಕೆಲಸ ಹಿಡಿ, ಆಮೇಲೆ ಹಾಡು-ಗೀಡು' ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಇವರಲ್ಲಿ ಬಹಳ ಮಂದಿ ಎರಡನ್ನೂ ಒಟ್ಟಿಗೆ ನಡೆಸಿದವರು. ಜಾಯ್ ಡಿವಿಷನ್‌ನ ಇಯಾನ್ ಕರ್ಟಿಸ್ ಮ್ಯಾಕಲ್ಸ್‌ಫೀಲ್ಡ್ ಎಂಬ ಊರಿನ ಉದ್ಯೋಗ ವಿನಿಮಯ ಕೇಂದ್ರದಲ್ಲಿ ನೌಕರ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವನ ಜವಾಬ್ದಾರಿ. ಅಲ್ಲಿಗೆ ಬರುತ್ತಿದ್ದ, ಮೂರ್ಛೆರೋಗವಿದ್ದ ಯುವತಿಯೊಬ್ಬಳು ಅವನ ಹಾಡೊಂದರೊಳಗೆ ಬಂದಳು. ಅಮೆರಿಕದ ಡೇಟನ್ ಊರಿನ ರಾಬರ್ಟ್ ಪೊಲಾರ್ಡ್ ಹದಿನಾಲ್ಕು ವರ್ಷ ಮೇಷ್ಟ್ರಾಗಿದ್ದವನು, ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದ. ಬಿಡುವಿನಲ್ಲಿ ಗೆಳೆಯರನ್ನು ಸೇರಿಸಿ ನಾಲ್ಕು ಟ್ರ್ಯಾಕ್‌ನ ಟೇಪ್ ಯಂತ್ರದಲ್ಲಿ ಗೈಡೆಡ್ ಬೈ ವಾಯ್ಸಸ್ ಹೆಸರಲ್ಲಿ ಹಾಡು ಮಾಡುತ್ತಿದ್ದ. 1994ರಲ್ಲಿ 'ಬೀ ಥೌಸಂಡ್' ಆಲ್ಬಂ ಜನರ ಕಿವಿಗೆ ಬಿದ್ದಾಗ ಅವನಿಗೆ ಮೂವತ್ತಾರು. ಟೇಪಿನ ಗೊರಗೊರ ಸದ್ದು, ಮಧ್ಯದಲ್ಲೇ ಕತ್ತರಿಸಿದಂತೆ ಮುಗಿಯುವ ಹಾಡು, ಎಲ್ಲ ಹಾಗೇ ಇವೆ. ಅದೇ ಅದರ ರುಚಿ. ಸಪ್ತಾಪುರದ ಕೋಚಿಂಗ್ ಗಲ್ಲಿಗಳಲ್ಲಿ ವಯೋಮಿತಿಯನ್ನು ಬೆರಳೆಣಿಸಿ ಲೆಕ್ಕ ಹಾಕುವ ಗೆಳೆಯರಿಗೆ ನಾನು ಈ ಮೇಷ್ಟ್ರ ಹೆಸರು ಹೇಳುತ್ತಿರುತ್ತೇನೆ.

ಕರ್ಟಿಸ್ 1980ರ ಮೇ ತಿಂಗಳಲ್ಲಿ, 23ನೆಯ ವಯಸ್ಸಿನಲ್ಲಿ, ತಾನೇ ಪ್ರಾಣ ತೆಗೆದುಕೊಂಡ. ಕೊಬೇನ್ 1994ರಲ್ಲಿ, 27ಕ್ಕೆ. ಈ ಸಾವುಗಳನ್ನು ಕಲೆಯ ಕಿರೀಟವೆಂಬಂತೆ ಮಾತಾಡುವ ಅಭಿಮಾನಿಗಳನ್ನು ಕಂಡರೆ ನನಗೆ ಆಗದು. ಕರ್ಟಿಸ್‌ಗೆ ಮೂರ್ಛೆರೋಗವಿತ್ತು, ಖಿನ್ನತೆಯಿತ್ತು. ಅವು ಚಿಕಿತ್ಸೆ ಬೇಕಾದ ಕಾಯಿಲೆಗಳು. ಅವನ ಹಾಡುಗಳು ಹುಟ್ಟಿದ್ದು ಬದುಕಿದ್ದಾಗ. ಜಾಯ್ ಡಿವಿಷನ್‌ನ 1979ರ 'ಅನ್‌ನೋನ್ ಪ್ಲೆಷರ್ಸ್' ಹೊದಿಕೆಯ ಬೆಟ್ಟಸಾಲಿನಂಥ ಬಿಳಿ ಗೆರೆಗಳ ಟೀ ಶರ್ಟು ಈಗ ಫುಟ್‌ಪಾತ್ ಮೇಲೂ ಸಿಗುತ್ತದೆ. ಬ್ಯಾಂಡಿನ ಹೆಸರು ಕೇಳದವರೂ ಹಾಕಿಕೊಂಡಿರುತ್ತಾರೆ. ಇರಲಿ, ಚೆನ್ನಾಗಿ ಕಾಣುತ್ತದೆ. ಆ ಗೆರೆಗಳು ಒಂದು ನಕ್ಷತ್ರದ ಮಿಡಿತ ಎಂದಾದರೂ ಗೊತ್ತಿರಲಿ. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜಾಸ್ಲಿನ್ ಬೆಲ್ ಗುರುತಿಸಿದ ಮೊಟ್ಟಮೊದಲ ಪಲ್ಸಾರ್‌ನ ಸಂಕೇತಗಳು ಅವು.

ಈಗ ನಮ್ಮ ಮಾತಿಗೆ ಬರೋಣ. ಬೆಂಗಳೂರನ್ನು ದೇಶದ ರಾಕ್ ರಾಜಧಾನಿ ಎನ್ನುವುದುಂಟು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಅದು ದೊಡ್ಡ ಮೈದಾನದ, ದೊಡ್ಡ ಹೆಸರಿನ ಕಥೆ. ಸಣ್ಣ ಕೋಣೆಯ ಕಥೆ ಬೇರೆ. ಹೊಸ ಬ್ಯಾಂಡುಗಳು ಸ್ವಂತ ಹಾಡು ನುಡಿಸಲು ಜಾಗ ಕೊಡುತ್ತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಮೈಸೂರಿನಲ್ಲಿ ಮೈಕ್ರೊಬಯಾಲಜಿ ಓದಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದದ್ದು ದೊಡ್ಡ ಕಂಪನಿಯಿಂದಲ್ಲ, ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಸ್ವಂತ ಲೇಬಲ್‌ನಿಂದ. ಶಿಶುನಾಳ ಶರೀಫರ ತತ್ವಪದಕ್ಕೆ ಗಿಟಾರ್ ಒಗ್ಗುತ್ತದೆಯೇ ಎಂಬ ಚರ್ಚೆಯನ್ನು ಅವರು ವೇದಿಕೆಯಲ್ಲೇ ಮುಗಿಸಿದರು. ಆದರೆ ಅವರ ಬೆನ್ನಿಗೆ ಕನ್ನಡದಲ್ಲಿ ಹಾಡುವ ಹತ್ತಾರು ಸಣ್ಣ ಗಿಟಾರ್ ಬ್ಯಾಂಡುಗಳು ಜಿಲ್ಲೆ ಜಿಲ್ಲೆಯಲ್ಲಿ ಏಳಬೇಕಿತ್ತಲ್ಲ, ಅವೆಲ್ಲಿ?

ಏಳುತ್ತವೆ, ನಾವು ಕೂರಿಸುತ್ತೇವೆ. ನಾನು ಓದಿದ ಕಾಲೇಜಿನಲ್ಲಿ ಮೂವರು ಗೆಳೆಯರು ಒಂದು ಅಕೌಸ್ಟಿಕ್ ಗಿಟಾರ್, ಒಂದು ರಿದಂ ಪ್ಯಾಡ್, ಒಂದು ಸಾಲ ತಂದ ಬಾಸ್ ಇಟ್ಟುಕೊಂಡು ಕನ್ನಡದಲ್ಲೇ ಹಾಡು ಕಟ್ಟಿದ್ದರು. ಕೊನೆಯ ಬಸ್ಸು ತಪ್ಪಿದ ರಾತ್ರಿಯ ಬಗ್ಗೆ. ಹಾಡು ಒರಟಾಗಿತ್ತು, ಎರಡನೆಯ ಚರಣದಲ್ಲಿ ತಾಳ ಜಾರುತ್ತಿತ್ತು, ಆದರೆ ಆ ಬಸ್‌ಸ್ಟ್ಯಾಂಡು ಕಣ್ಣಿಗೆ ಕಟ್ಟುತ್ತಿತ್ತು. ಫೆಸ್ಟ್‌ನ ಬ್ಯಾಂಡ್ ಸ್ಪರ್ಧೆಗೆ ಹೆಸರು ಕೊಟ್ಟಾಗ ಸಂಘಟಕರು, 'ಜನರಿಗೆ ಗೊತ್ತಿರೋ ಹಾಡು ಹಾಡ್ರಪ್ಪ, ಸ್ವಂತದ್ದೆಲ್ಲ ಯಾರು ಕೇಳ್ತಾರೆ' ಎಂದರು. ಇವರು ಸಿನಿಮಾ ಹಾಡು ಹಾಡಿದರು, ಮೂರನೆಯ ಬಹುಮಾನವೂ ಬಂತು. ಬಸ್ಸಿನ ಹಾಡನ್ನು ಹಾಸ್ಟೆಲ್ ಟೆರೇಸಿನಲ್ಲಿ ಕೇಳಿದ ಹದಿನೈದು ಜನ ಬಿಟ್ಟು ಮತ್ಯಾರೂ ಕೇಳಲಿಲ್ಲ. ಸಿನಿಮಾ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಫೋನಿನಲ್ಲೂ ನೂರಿವೆ. ಆದರೆ ಕಾಲೇಜಿನ ವೇದಿಕೆಯಲ್ಲೂ ಹೊಸ ಹಾಡಿಗೆ ಐದು ನಿಮಿಷ ಇಲ್ಲವೆಂದರೆ ಇನ್ನೆಲ್ಲಿ ಇರುತ್ತದೆ?

ಅಂತರ್ಜಾಲದಲ್ಲಿ ಹಾಕಬಹುದಲ್ಲ ಎನ್ನುತ್ತೀರಿ. ಹಾಕಬಹುದು. ಆದರೆ 2024ರಿಂದ ಸ್ಪಾಟಿಫೈನ ನಿಯಮ ಹೀಗಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ಆ ಮೂವರ ಬಸ್ಸು ಅಲ್ಲೂ ತಪ್ಪುತ್ತದೆ. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಹಾಡನ್ನು ನೇರವಾಗಿ ಕೊಳ್ಳಬಹುದು, ಡಿಜಿಟಲ್ ಮಾರಾಟದಲ್ಲಿ ಅದು ಇಟ್ಟುಕೊಳ್ಳುವ ಪಾಲು ಶೇ 15ರ ಆಸುಪಾಸು. ಹಾಗೆ ಕೊಳ್ಳುವ ರೂಢಿ ಅಭಿಮಾನಿಗಳಲ್ಲಿ ಬರಬೇಕು. ಇಷ್ಟದ ಬ್ಯಾಂಡಿನ ಸ್ಟಿಕರ್ ಲ್ಯಾಪ್‌ಟಾಪಿಗೆ ಅಂಟಿಸುವುದು ಸುಲಭ. ಕಾರ್ಯಕ್ರಮಕ್ಕೆ 'ಗೆಸ್ಟ್ ಲಿಸ್ಟ್‌ನಲ್ಲಿ ನನ್ನ ಹೆಸರು ಹಾಕೋ' ಎಂದು ಗೆಳೆಯನನ್ನು ಪೀಡಿಸದೆ ನೂರು ರೂಪಾಯಿ ಕೊಟ್ಟು ಒಳಗೆ ಹೋಗುವುದು ನಮಗೇಕೋ ಕಷ್ಟ. ಮುಂಗಡ ಎಂಬ ಆಮಿಷ ಎದುರಾದರೆ ಬ್ಯಾಂಡಿನವರು ಆಲ್ಬಿನಿಯ ಕಳೆಯುವ ಲೆಕ್ಕವನ್ನು ಒಮ್ಮೆ ಮಾಡಲಿ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ ಹಾಡು ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿ ಹಕ್ಕಿನ ಬಗ್ಗೆ ಏನು ಹೇಳುತ್ತದೆ ಎಂಬುದನ್ನೂ ಸಹಿ ಹಾಕುವ ಮೊದಲು ಓದಲಿ.

ವಿದ್ಯಾರ್ಥಿ ಸಂಘದಲ್ಲಿರುವವರು, ಫೆಸ್ಟ್ ಸಮಿತಿಯಲ್ಲಿರುವವರು ಇದನ್ನು ಓದುತ್ತಿದ್ದರೆ ಕೇಳುವುದು ಇಷ್ಟು. ಈ ವರ್ಷದ ಬ್ಯಾಂಡ್ ಸ್ಪರ್ಧೆಯ ನಿಯಮಾವಳಿಗೆ ಒಂದು ಸಾಲು ಸೇರಿಸಿ: ಕನಿಷ್ಠ ಒಂದು ಹಾಡು ಸ್ವಂತದ್ದಾಗಿರಬೇಕು. ಭಾಷೆ ಯಾವುದಾದರೂ ಸರಿ. ಅಂಕ ಕೊಡುವಾಗ ಆ ಹಾಡಿಗೇ ಹೆಚ್ಚು ತೂಕವಿರಲಿ. ಫೆಸ್ಟ್ ಮುಗಿದ ಮೇಲೂ ತಿಂಗಳಿಗೊಂದು ಶನಿವಾರ ಸಂಜೆ ನಲವತ್ತು ಕುರ್ಚಿಯ ಒಂದು ತರಗತಿ ಕೋಣೆ ಕೊಡಿಸಿ. ಬಾಗಿಲಲ್ಲಿ ಒಂದು ಡಬ್ಬಿ, ಕೈಲಾದಷ್ಟು ಹಾಕಲಿ. ಬಂದ ದುಡ್ಡಿನ ಲೆಕ್ಕ ನೋಟಿಸ್ ಬೋರ್ಡಿನಲ್ಲಿ. ಬೇಕಾಗಿರುವುದು ಎರಡು ಪ್ಲಗ್ ಪಾಯಿಂಟು, ಒಂದು ಆಂಪ್ಲಿಫೈಯರ್, ಒಂಬತ್ತಕ್ಕೆ ಮುಗಿಸಿ ಬೀಗದ ಕೈ ವಾಚ್‌ಮನ್ ಅಣ್ಣನಿಗೆ ಒಪ್ಪಿಸುತ್ತೇವೆ ಎಂಬ ಒಂದು ಸಹಿ.